ಅಣ್ಣಿಗೇರಿಯ ತಲೆಬುರುಡೆಗಳು: ಯುದ್ಧವೋ, ಬರವೋ?

2010ರ ಆಗಸ್ಟ್ ತಿಂಗಳಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ದೊರೆತ ಸುದ್ದಿ ನಿಮಗೆ ನೆನಪಿರಬಹುದು. ಆಗ ಆ ಊರು ನವಲಗುಂದ ತಾಲ್ಲೂಕಿನಲ್ಲಿತ್ತು. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಅಗೆದಂತೆಲ್ಲ ಬುರುಡೆಗಳ ಸಂಖ್ಯೆ ಏರುತ್ತ ಹೋಗಿ ಆರುನೂರರ ಆಸುಪಾಸು ತಲುಪಿತು. ಅವು ಸಾಲಾಗಿ ಜೋಡಿಸಿಟ್ಟಂತೆ ಕಂಡವು. ಯಾವುದೋ ಸೈನ್ಯ ಊರಿಗೆ ನುಗ್ಗಿ ಜನರ ತಲೆ ಕಡಿದಿರಬೇಕು ಎಂಬ ಮಾತು ಬೇಗನೆ ಹಬ್ಬಿತು. ಮುಂದೆ ರಾಜ್ಯ ಪುರಾತತ್ವ ಇಲಾಖೆ, ಇವು 18ನೆಯ ಶತಮಾನದ ಕೊನೆಯ ಭೀಕರ ಬರಗಾಲದಲ್ಲಿ ಸತ್ತವರ ಬುರುಡೆಗಳೆಂದು ಹೇಳಿತು. ಅಲ್ಲಿಗೆ ಚರ್ಚೆ ತಣ್ಣಗಾಯಿತು.

ಈ ಎರಡು ಉತ್ತರಗಳನ್ನೂ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸೋಣ. ಉತ್ತರಕ್ಕಿಂತ ಮೊದಲು ಪ್ರಶ್ನೆಯೇ ಸರಿಯಾಗಿದೆಯೆ ಎಂಬುದನ್ನೂ ನೋಡಬೇಕಾಗಿದೆ.

ಮೊದಲು ವಯಸ್ಸಿನ ಮಾತು. ಜೀವಿ ಬದುಕಿರುವವರೆಗೆ ಆಹಾರದ ಮೂಲಕ ಕಾರ್ಬನ್-14 ಎಂಬ ವಿಕಿರಣಶೀಲ ಐಸೊಟೋಪು ಅದರ ದೇಹ ಸೇರುತ್ತಿರುತ್ತದೆ. ಸತ್ತ ಮೇಲೆ ಪೂರೈಕೆ ನಿಲ್ಲುತ್ತದೆ. ಇದ್ದದ್ದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಕ್ಷಯಿಸುತ್ತದೆ. ಉಳಿದದ್ದೆಷ್ಟು ಎಂದು ಅಳೆದರೆ ಕಾಲ ತಿಳಿಯುತ್ತದೆ. ಅಣ್ಣಿಗೇರಿಯ ಮಾದರಿಗಳಿಗೆ ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯ ಪರೀಕ್ಷೆ 638 ವರ್ಷ, 60 ವರ್ಷ ಹೆಚ್ಚು ಕಡಿಮೆ ಎಂದಿತು. ಅಮೆರಿಕದ ಪ್ರಯೋಗಾಲಯವೊಂದರಿಂದ ಬಂದ ಉತ್ತರ ಸುಮಾರು 180 ವರ್ಷ.

ಎರಡು ಅಳತೆಗಳ ನಡುವೆ 450 ವರ್ಷಗಳಿಗೂ ಹೆಚ್ಚಿನ ಅಂತರ! 60 ವರ್ಷಗಳ ದೋಷಮಿತಿ ಇದನ್ನು ತುಂಬಿಕೊಡಲಾರದು. ಸಾಮಾನ್ಯವಾಗಿ ಅಂಥ ದೋಷಮಿತಿಯು ಎಣಿಕೆಯಲ್ಲಿನ ಏರುಪೇರನ್ನು ಹೇಳುತ್ತದೆಯೇ ಹೊರತು ಮಾದರಿಯಲ್ಲಿನ ಕಲ್ಮಷವನ್ನಲ್ಲ. ಮೂಳೆಗೆ ಅಂಟಿದ ಹಳೆಯ ಸುಣ್ಣದ ಕಾರ್ಬನ್ ವಯಸ್ಸನ್ನು ಹೆಚ್ಚಿಸಿ ತೋರಿಸಬಲ್ಲದು. ಇತ್ತೀಚಿನ ಬೇರು, ಗೊಬ್ಬರಗಳ ಕಾರ್ಬನ್ ಕಡಿಮೆ ಮಾಡಿ ತೋರಿಸಬಲ್ಲದು. ಮೂಳೆಯಿಂದ ಕೊಲಾಜೆನ್ ಎಂಬ ಪ್ರೋಟೀನನ್ನು ಬೇರ್ಪಡಿಸಿ ಶುದ್ಧಿ ಮಾಡಿದ ಮೇಲಷ್ಟೆ ಅಳೆಯುವುದು ಇದಕ್ಕಾಗಿಯೇ.

180 ವರ್ಷವೇ ಸರಿ ಎಂದಿಟ್ಟುಕೊಳ್ಳಿ. ಯಾವಾಗಿನಿಂದ 180 ವರ್ಷ? ಪತ್ರಿಕೆ ಓದುವ ನಾವು 2011ರಿಂದ ಹಿಂದಕ್ಕೆ ಎಣಿಸಿ 1831 ಎನ್ನುತ್ತೇವೆ. ಕಾರ್ಬನ್ ಕಾಲಮಾಪನದ ವಾಡಿಕೆಯಲ್ಲಿ ಎಣಿಕೆ ಆರಂಭವಾಗುವುದು 1950ರಿಂದ. ಹಾಗಾದರೆ ಅದು 1770. ಇನ್ನೂ ಒಂದು ತೊಡಕಿದೆ. ಗಾಳಿಯಲ್ಲಿನ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಆದ್ದರಿಂದ ಮರದ ಉಂಗುರಗಳೊಡನೆ ಹೋಲಿಸಿ ಅಳತೆಯನ್ನು ತಿದ್ದಬೇಕು. 1650ರಿಂದ 1950ರವರೆಗಿನ ಅವಧಿಯಲ್ಲಿ ಆ ಹೋಲಿಕೆಯ ರೇಖೆ ಹಾವಿನಂತೆ ಏರಿಳಿಯುತ್ತದೆ. ಒಂದೇ ಅಳತೆ 17ನೆಯ ಶತಮಾನದ ಕೊನೆಗೂ 18ನೆಯ ಶತಮಾನದ ಉತ್ತರಾರ್ಧಕ್ಕೂ 20ನೆಯ ಶತಮಾನದ ಆರಂಭಕ್ಕೂ ಹೊಂದಿಬಿಡಬಹುದು. ಹೀಗಾಗಿ ಬುರುಡೆಗಳು 1791-92ರ ಬರಗಾಲದವು ಎಂಬ ಮಾತನ್ನು ಕಾರ್ಬನ್ ಒಂದೇ ಸಾಬೀತು ಮಾಡಲಾರದು. ಆ ಮಾತಿಗೆ ವಿರುದ್ಧವಾಗಿಲ್ಲ ಎಂದಷ್ಟೆ ಹೇಳಬಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಇದು: ಕಾರ್ಬನ್ ‘ಯಾವಾಗ’ ಎಂಬುದಕ್ಕೆ ಉತ್ತರ ಕೊಡುತ್ತದೆ, ‘ಹೇಗೆ’ ಎಂಬುದಕ್ಕಲ್ಲ. ‘ಹೇಗೆ’ ಎಂಬುದನ್ನು ಮೂಳೆಯನ್ನೇ ಕೇಳಬೇಕು. ಕತ್ತಿಯಿಂದ ಕಡಿದ ತಲೆಯಾದರೆ ಕತ್ತಿನ ಮೇಲಿನ ಕಶೇರುಗಳು, ಕೆಳದವಡೆ ಜೊತೆಗೇ ಉಳಿದಿರುವ ಸಂಭವ ಹೆಚ್ಚು; ಕೆಲವದರಲ್ಲಾದರೂ ಅಲಗಿನ ಗುರುತು ಕಾಣಬೇಕು. ಮಾಂಸ ಕರಗಿದ ಮೇಲೆ ಯಾರೋ ಆರಿಸಿ ತಂದು ಇಟ್ಟಿದ್ದರೆ ಅವು ಇರುವುದಿಲ್ಲ. ರಣರಂಗದಲ್ಲಿ ಸಾಯುವವರು ಹೆಚ್ಚಾಗಿ ಪ್ರಾಯದ ಗಂಡಸರು. ಬರಗಾಲ ಮಕ್ಕಳನ್ನೂ ಮುದುಕರನ್ನೂ ಮೊದಲು ಒಯ್ಯುತ್ತದೆ. ಸಾಲಾಗಿ ಜೋಡಿಸಿದ್ದು ಜೋಡಿಸಿದವರ ಬಗೆಗೆ ಹೇಳುತ್ತದೆ, ಸತ್ತ ಬಗೆಯನ್ನಲ್ಲ. ಹತ್ಯೆಯೆಂಬ ಮೊದಲ ತೀರ್ಮಾನ ಈ ಪ್ರಶ್ನೆಗಳನ್ನು ಕೇಳುವ ಮುನ್ನವೇ ಹೊರಬಿತ್ತು.

ಇನ್ನು ಬರಗಾಲದ ಕಥೆ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಗೆಜೆಟಿಯರ್‌ನಲ್ಲಿ ಇದರ ದಾಖಲೆಯಿದೆ. ಹುಬ್ಬಳ್ಳಿ, ಡಂಬಳ, ಕಲಘಟಗಿಗಳಲ್ಲಿ ಜನ ಎಲೆ, ಕಾಡುಹಣ್ಣು ತಿಂದು ಬದುಕಿದರು. ಹೆಂಗಸರು ಮಕ್ಕಳು ಮಾರಾಟವಾದರು. ಹೂಳುವವರಿಲ್ಲದೆ ಬಿದ್ದ ಹೆಣಗಳಿಂದಾಗಿ ಅದಕ್ಕೆ ‘ಡೋಗಿ ಬರ’, ಅಂದರೆ ತಲೆಬುರುಡೆಯ ಬರ, ಎಂಬ ಹೆಸರು ಬಂತು. ಮಳೆ ಕೈಕೊಟ್ಟಿದ್ದು ನಿಜ. ಇತಿಹಾಸಕಾರ ರಿಚರ್ಡ್ ಗ್ರೋವ್ ಅದನ್ನು 1789-93ರ ಪ್ರಬಲ ಎಲ್ ನಿನೊಗೆ ಸಂಬಂಧಿಸಿದ್ದಾರೆ. ಆದರೆ ಅದೇ ಗೆಜೆಟಿಯರ್ ಇನ್ನೊಂದು ಕಾರಣವನ್ನೂ ಹೇಳುತ್ತದೆ: ಪರಶುರಾಮ ಭಾವು ನಾಯಕತ್ವದ ಮರಾಠಾ ಸೈನ್ಯದ ಸುಲಿಗೆ.

ಅದು ಮೂರನೆಯ ಮೈಸೂರು ಯುದ್ಧದ ಕಾಲ. 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್‌ವರೆಗೆ ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನನ ವಶದಲ್ಲಿದ್ದ ಧಾರವಾಡದ ಕೋಟೆಗೆ ಪರಶುರಾಮ ಭಾವು ಮುತ್ತಿಗೆ ಹಾಕಿದ್ದ; ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಜೊತೆಗಿತ್ತು. ಸುಮಾರು 200 ದಿನಗಳ ಮುತ್ತಿಗೆ. ಒಂದು ಲೆಕ್ಕ ಮಾಡಿ ನೋಡಿ. ಸೈನಿಕರು, ಸೇವಕರು ಸೇರಿ 30,000 ಬಾಯಿಗಳು, 10,000 ಕುದುರೆಗಳು ಎಂದು ಊಹಿಸಿ. ಮನುಷ್ಯನಿಗೆ ದಿನಕ್ಕೆ 600 ಗ್ರಾಂ ಜೋಳ, ಕುದುರೆಗೆ 3 ಕಿಲೋಗ್ರಾಂ ಹುರುಳಿ. ದಿನವೊಂದಕ್ಕೆ 18 ಟನ್ನು ಮತ್ತು 30 ಟನ್ನು, ಒಟ್ಟು 48 ಟನ್ನು. ಎತ್ತೊಂದು 100 ಕಿಲೋಗ್ರಾಂ ಹೊತ್ತರೆ ದಿನವೂ 480 ಎತ್ತುಗಳ ಹೇರು. ಇನ್ನೂರು ದಿನಕ್ಕೆ 9,600 ಟನ್ನು. ಅದೇ ಅಳತೆಯಲ್ಲಿ ಸುಮಾರು 44,000 ಜನರ ಒಂದು ವರ್ಷದ ಊಟ! ಸಂಖ್ಯೆಗಳನ್ನು ನೀವು ಬದಲಿಸಿಕೊಳ್ಳಿ, ತೀರ್ಮಾನ ಬದಲಾಗದು. ಮನುಷ್ಯರಿಗಿಂತ ಕುದುರೆಗಳೇ ಹೆಚ್ಚು ತಿನ್ನುತ್ತವೆ ಎಂಬುದನ್ನೂ ಗಮನಿಸಿ. ಹೊರಗಿನಿಂದ ತಂದ ಧಾನ್ಯ ಸಾಲದಾದಾಗ ಸೈನ್ಯ ಕೈಹಾಕುವುದು ಸುತ್ತಲಿನ ಹಗೇವುಗಳಿಗೆ. ಹಗೇವು ಬರಿದಾದರೆ ಮಳೆ ತಪ್ಪಿದ ವರ್ಷಕ್ಕೆ ರೈತನಲ್ಲಿ ಏನೂ ಉಳಿಯದು. ಬಿತ್ತನೆಯ ಬೀಜವೂ ಇಲ್ಲ, ಉಳುವ ಎತ್ತೂ ಇಲ್ಲ.

ಸೇನಾಪತಿಗಳಿಗೆ ಈ ಲೆಕ್ಕ ತಿಳಿಯದೆ ಇರಲಿಲ್ಲ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾರ್ನ್‌ವಾಲಿಸನ ಎತ್ತುಗಳು ಸತ್ತು, ಧಾನ್ಯ ಮುಗಿದು, ಅವನು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಲೆಕ್ಕದಲ್ಲಿ ಸೇರದೆ ಉಳಿದದ್ದು ದಾರಿಯ ಹಳ್ಳಿಗಳ ಊಟ ಮಾತ್ರ. ಇದು ಹಳೆಯ ಕಾಲದ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. 1942ರಲ್ಲಿ ಜಪಾನೀಯರ ಕೈಸೇರಬಾರದೆಂದು ಬ್ರಿಟಿಷ್ ಆಡಳಿತ ಬಂಗಾಳದ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ವಶಪಡಿಸಿಕೊಂಡಿತು; ಮರುವರ್ಷದ ಕ್ಷಾಮಕ್ಕೆ ಅದೂ ಒಂದು ಕಾರಣವಾಯಿತು. ನಾಗರಿಕರನ್ನು ಹಸಿವಿನಿಂದ ಸಾಯಿಸುವುದನ್ನು ಯುದ್ಧತಂತ್ರವಾಗಿ ಬಳಸುವುದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2018ರ ನಿರ್ಣಯದಲ್ಲಿ ಖಂಡಿಸಬೇಕಾಗಿ ಬಂತು.

ಹೀಗಿರುವಾಗ ‘ಯುದ್ಧವೋ ಬರವೋ’ ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಹತ್ಯೆ ಎಂದರೆ ನಮಗೆ ದೂರಲು ಒಬ್ಬ ಶತ್ರು ಸಿಗುತ್ತಾನೆ. ಬರ ಎಂದರೆ ಮಳೆಯನ್ನು ದೂರಿ ಎಲ್ಲರನ್ನೂ ಬಿಡುಗಡೆ ಮಾಡುತ್ತೇವೆ. ಎರಡರಲ್ಲೂ ವಿಚಾರಣೆ ಅರ್ಧಕ್ಕೇ ನಿಲ್ಲುತ್ತದೆ. ಮಳೆ ತಪ್ಪುವುದು ಪ್ರಕೃತಿಯ ಘಟನೆ; ಅದು ಕ್ಷಾಮವಾಗುವುದು ಉಗ್ರಾಣ, ದಾರಿ, ಬೆಲೆ ಮತ್ತು ಅಧಿಕಾರದಲ್ಲಿರುವವರ ಆಜ್ಞೆಗಳಿಂದ.

ಶಿಕ್ಷಕರು ಈ ಪ್ರಸಂಗವನ್ನು ತರಗತಿಯಲ್ಲಿ ಎತ್ತಿಕೊಳ್ಳಬಹುದು. ಅಳತೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಉಳಿದದ್ದನ್ನು ತಿಳಿಯಲು ಇನ್ನಾವ ಪರೀಕ್ಷೆ ಬೇಕು ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಬರೆದು ಉತ್ತರಿಸಲಿ. ಹೆಸರಿಲ್ಲದ ಆ ಆರುನೂರು ಜನರಿಗೆ ನಾವು ಸಲ್ಲಿಸಬಹುದಾದ ನ್ಯಾಯವೆಂದರೆ ಅವರ ಸಾವನ್ನು ಅವಸರದಲ್ಲಿ ವಿವರಿಸಿ ಮುಗಿಸದಿರುವುದು.