ಕೂಡು ಕುಟುಂಬವೋ, ಜಂಟಿ ಖಾತೆಯೋ?

ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂದದ್ದು 2013ರಲ್ಲಿ. ಶ್ರೀನಾಥ್ ಪೇರೂರು ಇಂಗ್ಲಿಷಿಗೆ ತಂದ ಮೇಲೆ ನಮ್ಮ ಆಫೀಸಿನ ಕನ್ನಡ ಬಾರದ ಗೆಳೆಯರೂ ಓದಿದರು. ಬಹಳ ಜನ ಹೇಳೋದು ಒಂದೇ: ದುಡ್ಡು ಬಂತು, ಒಳ್ಳೆ ಕುಟುಂಬ ಕೆಟ್ಟುಹೋಯ್ತು. ಈ ಓದು ನನಗೆ ಒಪ್ಪಿಗೆಯಿಲ್ಲ.

ಬಡತನದಲ್ಲಿ ಆ ಮನೆಯವರು ಒಟ್ಟಿಗಿದ್ದದ್ದು ಬೇರೆ ಜಾಗವಿಲ್ಲದೆ. ಇರುವೆ ಕಾಟದ ಪುಟ್ಟ ಮನೆ, ಅಪ್ಪನದೊಂದೇ ಸಂಬಳ. ಆಮೇಲೆ ಒಟ್ಟಿಗಿರೋದು ಚಿಕ್ಕಪ್ಪನ ಸೋನಾ ಮಸಾಲಾ ನಡೀತಿದೆ ಅಂತ. ಕಥೆ ಹೇಳುವ ಮಗನಿಗೆ ಕೆಲಸವಿಲ್ಲ, ಸಂಬಳವಿದೆ. ಕಂಪನಿಯಲ್ಲಿ ಅಪ್ಪನ ಪಾಲೂ ಇರುವುದರಿಂದ ಅವರ ಉಯಿಲಿನದೇ ಎಲ್ಲರಿಗೂ ಚಿಂತೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ ಅಮ್ಮ, ಮಗಳು ಮಾಲತಿ ಇಬ್ಬರೂ ಅವಳ ಮೇಲೆ ಮುಗಿಬೀಳ್ತಾರೆ. ದುಡಿಯುವವನನ್ನು ಯಾರೂ ಕೇಳಲ್ಲ. ಹೊರಗಿಂದ ಬಂದ ಸೊಸೆ ಅನಿತಾ ಮಾತ್ರ ಬಾಯಿಬಿಡ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಪುಟಗಳು.

ಇದೇ ಲೆಕ್ಕವನ್ನು ನಮ್ಮೂರಲ್ಲೂ ನೋಡಿದ್ದೀನಿ. ಹತ್ತು ಎಕರೆ ತೋಟ, ಒಂದೇ ಬೋರ್‌ವೆಲ್ ಇರೋ ಮನೆಗಳಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ರೂ ಒಂದೇ ಸೂರಿನಡಿ ಇರ್ತಿದ್ರು. ಕೂಲಿಯವರ ಕೇರಿಯಲ್ಲಿ ಮಗನಿಗೆ ಮದುವೆಯಾದ ವರ್ಷದೊಳಗೇ ಬೇರೆ ಒಲೆ. ಭಾಗ ಮಾಡೋಕೆ ಏನಿತ್ತು ಹೇಳಿ? ಗಂಡ ಹೊಡೆದರೆ ಹೆಂಗಸು ಎದ್ದು ಹೋಗ್ತಿದ್ಲು, ಬೇಕಾದ್ರೆ ಕೂಡಿಕೆ ಮಾಡ್ಕೊಳ್ತಿದ್ಲು. ಅವಳ ಬದುಕು ಸುಲಭ ಅಂತಲ್ಲ. ಅವಳ ಕೂಲಿ ಅವಳ ಕೈಲಿತ್ತು, ಜಾತಿಯೂ ಅಡ್ಡ ಬರ್ತಿರ್ಲಿಲ್ಲ. ತೋಟದ ಮನೆ ಸೊಸೆಗೆ ಆ ದಾರಿ ಇರಲಿಲ್ಲ.

ಪುಸ್ತಕದ ಬಗ್ಗೆ ನನ್ನ ತಕರಾರೂ ಇಲ್ಲೇ ಇದೆ. ವರ್ಗವನ್ನು ಅಷ್ಟು ಸೂಕ್ಷ್ಮವಾಗಿ ಕಾಣುವ ಕಥೆಯಲ್ಲಿ ಸಮುದಾಯ ಹಿನ್ನೆಲೆಗೆ ಸರಿದುಬಿಟ್ಟಿದೆ. ಮಾಲತಿ ಗಂಡನನ್ನು ಬಿಟ್ಟು ತವರಿಗೆ ವಾಪಸಾಗ್ತಾಳೆ. ಇದೇ ಹುಡುಗಿ ಹಳೇ ತುಳುನಾಡಿನ ಬಂಟರ ಮನೆಯಲ್ಲಿ ಹುಟ್ಟಿದ್ದರೆ? ಅಲ್ಲಿ ಅಳಿಯಸಂತಾನ: ವಂಶ, ಆಸ್ತಿ ಎರಡೂ ಹೆಣ್ಣಿನ ಕಡೆಯಿಂದ. ಅವಳು ಗಂಡನನ್ನು ಬಿಟ್ಟು ವಾಪಸ್ ಬಂದರೂ ಮನೆ ಅವಳದೇ, ಅವಳ ಮಕ್ಕಳದೇ. ಹಾಗಂತ ಅದು ಸ್ವರ್ಗವೂ ಅಲ್ಲ. ಯಜಮಾನಿಕೆ ಬಹುಪಾಲು ಸೋದರಮಾವನ ಕೈಲೇ ಇರ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಮುಂದೆ ಆ ದೊಡ್ಡ ಮನೆಗಳೂ ಒಡೆದವು. ಸಂಸ್ಕೃತಿ ಅಂತ ನಾವು ಕರೆಯೋದರ ಹಿಂದೆ ಕಾನೂನು, ಜಮೀನು, ಜಾತಿಕಟ್ಟು ಎಲ್ಲ ಸೇರಿಕೊಂಡಿರುತ್ತೆ.

ಇದು ಬರೀ ಸಾಹಿತ್ಯದ ಮಾತಲ್ಲ ಮಾರಾಯ್ರೆ. ಇಎಂಐ ಕಟ್ಟೋ ನಮ್ಮ ಫ್ಲ್ಯಾಟುಗಳಲ್ಲಿ ಇವತ್ತಿನ ಚಿಕ್ಕಪ್ಪ ನಾವೇ. ಮಗು ನೋಡ್ಕೊಳ್ಳೋಕೆ ಊರಿಂದ ಬಂದ ಅಮ್ಮ ನಮ್ಮ ಮುಖ ನೋಡಿ ಮಾತಾಡ್ತಾಳೆ, ಅಪ್ಪ ಟಿವಿ ಸೌಂಡ್ ಕಡಿಮೆ ಮಾಡ್ತಾರೆ. ಅದನ್ನ ನಾವು ಹೊಂದಾಣಿಕೆ ಅಂತೀವಿ. ಚಿಕ್ಕ ಕಥೆ, ಒಂದು ಭಾನುವಾರ ಸಾಕು. ಓದುವಾಗ ಅನಿತಾಳ ಜಾಗದಲ್ಲಿ ನಿಮ್ಮನ್ನು ಕೂರಿಸಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಅನಿತಾ ಯಾರು, ಅವಳು ಯಾವಾಗಿಂದ ಸುಮ್ಮನಾಗಿದ್ದಾಳೆ ಅಂತ ನೋಡಿ.