ಕೈ ಕೂಡಿಸಿದ ಮರುದಿನ

ಮಂಗರ್ ಬನಿಗೆ ಹೋಗಿಬಂದ ವಾರ ‘ಕಾಂತಾರ’ವನ್ನು ಇನ್ನೊಮ್ಮೆ ನೋಡಿದೆ. 2022ರಲ್ಲಿ ಥಿಯೇಟರಿನಲ್ಲಿ ಮೈ ಜುಂ ಎನಿಸಿದ್ದ ಕೊನೆಯ ದೃಶ್ಯ ಈ ಸಲ ಕಾಡಿತು. ಕೋಲದಲ್ಲಿ ಶಿವ ಅರಣ್ಯಾಧಿಕಾರಿ ಮುರಳಿಯ ಕೈಯನ್ನೂ ಊರವರ ಕೈಗಳನ್ನೂ ಕೂಡಿಸುತ್ತಾನೆ. ಸರಿ, ಮರುದಿನ ಬೆಳಿಗ್ಗೆ ಕಟ್ಟಿಗೆಗೆ ಹೊರಟ ಹೆಂಗಸನ್ನು ಗಾರ್ಡು ಕಾಡೊಳಗೆ ಬಿಡುತ್ತಾನೋ ಇಲ್ಲವೋ?

ಚಿತ್ರದ ನಿಜವಾದ ಗಂಟು ಹಂದಿಯಲ್ಲಿದೆ. ಊರಿನ ದೈವ ಪಂಜುರ್ಲಿ ಹಂದಿರೂಪಿ. ಅದನ್ನು ನಂಬುವ ಮನೆತನದ ಶಿವ ಹಂದಿ ಹೊಡೆಯುವುದರಲ್ಲಿ ನಿಸ್ಸೀಮ. ಇದು ಆಷಾಢಭೂತಿತನವಲ್ಲ. ಒಂದೇ ರಾತ್ರಿಯಲ್ಲಿ ಗದ್ದೆ ಹಾಳುಮಾಡುವ ಪ್ರಾಣಿಯ ಜೊತೆ ತಲೆಮಾರುಗಟ್ಟಲೆ ಬದುಕಿದವರಿಗೆ ಭಕ್ತಿಯೂ ಬೇಕು, ಕೋವಿಯೂ ಬೇಕು. ಮುರಳಿಗೆ ಕಾಣುವುದು ಕೋವಿ ಮಾತ್ರ. ಇಷ್ಟು ಒಳ್ಳೆಯ ಜಗಳವನ್ನು ಹುಟ್ಟಿಸಿದ ಚಿತ್ರ, ಧಣಿಯೇ ಖಳನೆಂದು ಗೊತ್ತಾದೊಡನೆ ಅದನ್ನು ಕೈಬಿಡುತ್ತದೆ. ಹಂದಿಗೂ ಗದ್ದೆಗೂ ನಡುವಿನ ಲೆಕ್ಕ ಹಾಗೇ ಉಳಿಯುತ್ತದೆ.

ಮಂಗರ್ ಬನಿ ನಮ್ಮ ಗುರುಗ್ರಾಮ–ಫರಿದಾಬಾದ್ ರಸ್ತೆಯಿಂದ ದೂರವೇನಲ್ಲ. ಅರಾವಳಿ ಗುಡ್ಡಗಳ ನಡುವೆ ಗುದರಿಯಾ ದಾಸ್ ಬಾಬಾನ ಹೆಸರಿನ ದೇವರಕಾಡು. ಸುತ್ತಲಿನ ಗುಜ್ಜರ್ ಹಳ್ಳಿಗಳ ಕಟ್ಟಳೆ ಚಿಕ್ಕದು: ಬನಿಯೊಳಗೆ ಕೊಂಬೆ ಮುರಿಯಬಾರದು, ದನ ಆಡು ಮೇಯಿಸಬಾರದು. ಧೌ ಮರಗಳು ಅಷ್ಟು ದಟ್ಟವಾಗಿ ಉಳಿದದ್ದು, ಚಿರತೆಗಳು ದೆಹಲಿಯ ಮಗ್ಗುಲಲ್ಲೇ ಓಡಾಡಿಕೊಂಡಿರುವುದು ಇಂಥ ಕಟ್ಟಳೆಗಳ ಆಸರೆಯಲ್ಲಿ. ಮೇವು, ಸೌದೆಗೆ ಬನಿಯ ಹೊರಗಿನ ಗುಡ್ಡವಿತ್ತು. ಎಲ್ಲಿಯವರೆಗೆ, ಏನು ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಊರಿನ ಸಾಮೂಹಿಕ ಜಮೀನು ಖಾಸಗಿ ಹೆಸರುಗಳಿಗೆ ಹಂಚಿಹೋಗಿ ಮಾರಾಟಕ್ಕೆ ಬಂದಾಗ ಬಾಬಾನ ಭಯವೊಂದೇ ಸಾಲಲಿಲ್ಲ; ಬನಿಯ ಸುತ್ತ ಕಟ್ಟಡ ಕಟ್ಟಬಾರದೆಂದು ಹರಿಯಾಣ ಸರ್ಕಾರವೇ ಹೇಳಬೇಕಾಯಿತು.

ಕಾಡಿಗೆ ಕೊನೆಗೂ ಗಂಡಾಂತರ ಜಮೀನಿನ ಆಸೆಯಿಂದ ಎಂಬುದನ್ನು ‘ಕಾಂತಾರ’ ಸರಿಯಾಗಿಯೇ ಹಿಡಿದಿದೆ. ಆದರೆ ಪರಿಹಾರವನ್ನು ಗುಳಿಗನ ಆರ್ಭಟಕ್ಕೆ ಒಪ್ಪಿಸುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿಯ ಮಾತಾಡುವ ಆ ಕಾಗದದಲ್ಲಿ ರೋಮಾಂಚನವೇನೂ ಇಲ್ಲ, ಒಪ್ಪುತ್ತೇನೆ. 1990ರ ಮುರಳಿಯ ಮುಂದೆ ಅಂಥ ಕಾಯ್ದೆಯೂ ಇರಲಿಲ್ಲ. ಅಂದಮೇಲೆ ದೈವದ ಎದುರು ಅವನು ಕೊಟ್ಟ ಮಾತು, ಅವನಿಗೆ ವರ್ಗವಾದ ದಿನ ಏನಾಗುತ್ತಿತ್ತು?

ನನಗೆ ಬೇಸರವಿರುವುದು ಲೀಲಾಳ ವಿಷಯಕ್ಕೆ. ಅದೇ ಊರಿನ ಹುಡುಗಿ, ಅರಣ್ಯ ಇಲಾಖೆಯ ಗಾರ್ಡು, ತನ್ನವರ ಅಂಗಳಕ್ಕೇ ಬೇಲಿ ಹಾಕುವವರ ಜೊತೆ ನಿಲ್ಲಬೇಕಾದವಳು. ಚಿತ್ರಕ್ಕೆ ಅವಳು ಬೇಕಾದದ್ದು ಹೆಚ್ಚಾಗಿ ಪ್ರೇಮಕ್ಕೆ. ಅವಳ ಕಣ್ಣಿಂದ ಕತೆ ಹೇಳಿದ್ದರೆ ಆ ಮರುದಿನವನ್ನು ತೋರಿಸದೆ ವಿಧಿಯಿರಲಿಲ್ಲ. ಅವಳಿಗೆ ಡ್ಯೂಟಿ ಇತ್ತಲ್ಲ.