ಕಲ್ಲಿಗಿಲ್ಲದ ಮೈಬಣ್ಣ

ಅಜ್ಜಿಯ ದೇವರಮನೆಯಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿಯ ಪಟವೊಂದಿತ್ತು. ನಾನು ಹುಟ್ಟಿದಾಗ ಕೂಸು ಕಪ್ಪೆಂದು ಮುಖ ಸಣ್ಣ ಮಾಡಿಕೊಂಡವರಿಗೆ ಅಜ್ಜಿ, "ಮುಖ ಲಕ್ಷ್ಮಿ ಥರಾನೇ ಇದೆ, ಬಣ್ಣ ಒಂದು ಕಮ್ಮಿ ಅಷ್ಟೇ" ಎಂದಿದ್ದರಂತೆ. ಯಾವ ಲಕ್ಷ್ಮಿಯ ಥರ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಸಂಶೋಧನೆಗೆ ಸೇರಿದ ಮೇಲೆ.

ಅದು ರವಿವರ್ಮನ ಲಕ್ಷ್ಮಿ. 1894ರಲ್ಲಿ ಮುಂಬಯಿಯಲ್ಲಿ ಅವನು ಆರಂಭಿಸಿದ ಮುದ್ರಣಾಲಯದ ಓಲಿಯೋಗ್ರಾಫುಗಳು ದೇವತೆಗಳನ್ನು ಸಾಮಾನ್ಯರ ಗೋಡೆಗೆ ತಂದವು. ಗುಡಿಯೊಳಗೆ ಪ್ರವೇಶವಿಲ್ಲದವರಿಗೂ ದೇವರ ಮುಖ ಕಂಡಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಆ ಮುಖದ ಜೊತೆಗೇ ಒಂದು ಮೈಬಣ್ಣ, ಸೀರೆ ಉಡುವ ಒಂದು ಬಗೆಯೂ ಮನೆಯೊಳಗೆ ಬಂದವು. ಇಂದು ನಾವು 'ಸಾಂಪ್ರದಾಯಿಕ ಚೆಲುವು' ಎನ್ನುವುದರ ವಯಸ್ಸು ಬಹಳವೇನಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ 'ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್' ಇದೆ. ಬೇರೆ ಬೇರೆ ಪ್ರಾಂತ್ಯ, ಸಮುದಾಯಗಳ ಹನ್ನೊಂದು ಹೆಂಗಸರು. ಒಬ್ಬೊಬ್ಬರ ಉಡುಗೆಯೂ ಬೇರೆ. ಬಟ್ಟೆಯ ಅಂಚು, ಆಭರಣಗಳ ವ್ಯತ್ಯಾಸವನ್ನು ಅವನು ಅಕ್ಕರೆಯಿಂದ ನೋಡಿದ್ದಾನೆ. ಮುಖಗಳತ್ತ ಬಂದರೆ ಅವರೆಲ್ಲ ಒಡಹುಟ್ಟಿದವರ ಹಾಗೆ ಕಾಣುತ್ತಾರೆ. ಉಡುಗೆಯಲ್ಲಿ ವೈವಿಧ್ಯವನ್ನು ಒಪ್ಪಿದ ಕಣ್ಣು ಚೆಲುವಿನಲ್ಲಿ ಅದನ್ನು ಒಪ್ಪಲಿಲ್ಲ ಎಂಬುದು ನನ್ನ ತಕರಾರು.

ಇಲ್ಲಿಂದ ಬೇಲೂರಿಗೆ ಹೋದರೆ ಅಳತೆಗೋಲೇ ಬೇರೆ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಮದ್ದಳೆ ಬಾರಿಸುವವಳಿದ್ದಾಳೆ, ಬಿಲ್ಲು ಹಿಡಿದ ಬೇಟೆಗಾತಿಯಿದ್ದಾಳೆ. ಅವರ ಚೆಲುವಿರುವುದು ಮೈಯ ಬಳುಕಿನಲ್ಲಿ, ಮಾಡುವ ಕೆಲಸದಲ್ಲಿ, ಮೈತುಂಬಿದ ಒಡವೆಯಲ್ಲಿ. ಬಳಪದ ಕಲ್ಲಿನಲ್ಲಿ ಶಿಲ್ಪಿ ಮೈಬಣ್ಣವನ್ನು ಆರಿಸಬೇಕಿರಲಿಲ್ಲ. ತೈಲವರ್ಣದವನಿಗೆ ಆರಿಸದೆ ಗತಿಯಿಲ್ಲ.

ಹಾಗಂತ ಹೊಯ್ಸಳರ ಕಾಲವನ್ನು ಸ್ವರ್ಗವೆನ್ನಲಾರೆ. ಆ ಸಾಲಿನಲ್ಲಿ ಮುದುಕಿಯರಿಲ್ಲ, ಬಡಕಲು ಮೈಯವರಿಲ್ಲ. ತುಂಬಿದೆದೆ, ಸಣ್ಣ ನಡು ಅಲ್ಲಿನ ಕಟ್ಟಳೆ. ಪ್ರತಿ ಕಾಲವೂ ಯಾರನ್ನೋ ಹೊರಗಿಟ್ಟೇ ಸುಂದರಿಯನ್ನು ಕಡೆದಿದೆ. ಆದರೆ ಕಟ್ಟಳೆಗೂ ಒಂದು ಹುಟ್ಟಿದ ದಿನವಿದೆ ಎಂದು ತಿಳಿದರೆ, ಅದರೆದುರು ತಲೆ ತಗ್ಗಿಸಬೇಕಾಗಿಲ್ಲ. ಕಲಾ ಇತಿಹಾಸದಿಂದ ನನಗಾದ ಉಪಕಾರ ಇದು.

ಕಳೆದ ಸಲ ಬೇಲೂರಿಗೆ ಹೋದಾಗ ದರ್ಪಣಸುಂದರಿಯ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡೆ. ಫೋನು ಕೇಳದೆಯೇ ನನ್ನ ಮುಖವನ್ನು ಬೆಳ್ಳಗಾಗಿಸಿತ್ತು. ಅವಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿತ್ತು.